ಸ್ವಾಧೀನ ತಪ್ಪಿದ ಕಾಲಿನ ಉರಿ

ಕಡೂರಿನಿಂದ ತರೀಕೆರೆಗೆ ನಲವತ್ತು ಕಿಲೋಮೀಟರು ಕೂಡ ಇಲ್ಲ. ಅಷ್ಟರೊಳಗೆ ನೆಲ ಎರಡು ಸಲ ಬಣ್ಣ ಬದಲಿಸುತ್ತದೆ. ಕಡೂರಿನ ಸುತ್ತ ಒಣ ಬಯಲು, ರಾಗಿ ಕೂಳೆ, ಬೋರ್‌ವೆಲ್ ನಂಬಿದ ತೆಂಗು. ಬೀರೂರು ದಾಟಿದ ಮೇಲೆ ಎಡಗಡೆಗೆ ಬಾಬಾಬುಡನ್‌ಗಿರಿಯ ಸಾಲು ಎದ್ದು ನಿಲ್ಲುತ್ತದೆ. ತರೀಕೆರೆ ಹತ್ತಿರವಾಗುತ್ತಿದ್ದಂತೆ ಅಡಿಕೆ ತೋಟಗಳು ದಟ್ಟವಾಗಿ, ಕಾರಿನ ಕಿಟಕಿಯಲ್ಲಿ ಬಿಸಿಲು ಚೂರುಚೂರಾಗಿ ಬೀಳತೊಡಗುತ್ತದೆ. ಬೀರೂರಿನಲ್ಲಿ ರೈಲು ಹಳಿ ಕವಲೊಡೆದು ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ ಹೋಗುತ್ತದೆ. ನಾವು ಎರಡೂ ಕಡೆ ಹೋಗಬೇಕಿತ್ತು.

ಅಮೃತಾಪುರದ ದೇವಸ್ಥಾನ, ಅಜ್ಜಂಪುರದ ಅಮೃತಮಹಲ್ ದನ, ಇವೆರಡನ್ನು ನೋಡುವುದು ನನ್ನ ಆಸೆ. ಜೊತೆಗಿದ್ದ ಗೆಳೆಯ ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾಗಿ ಮನೆಯಲ್ಲೇ ಉಳಿದುಹೋದವರನ್ನು ಹುಡುಕಿಕೊಂಡು ಹೋಗುವುದು ಅವನ ರಜಾದಿನದ ಚಾಳಿ. ದೇವಸ್ಥಾನವನ್ನೂ ದನಗಳನ್ನೂ ನೋಡಿದೆ, ಮನಸ್ಸು ತುಂಬಿತು. ಆದರೆ ಈ ದಾರಿಯಲ್ಲಿ ನಾನು ಬಾಯಿ ತೆರೆದು ನಿಂತದ್ದು ಬೇರೆಯದಕ್ಕೆ.

ಕಡೂರಿನ ಹೊರಗೆ ತೆಂಗಿನ ತೋಟದ ನಡುವೆ ಒಂದು ಹೆಂಚಿನ ಮನೆ. ಪಡಸಾಲೆಯಲ್ಲೇ ಮಂಚ, ಮಂಚದ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಬೆನ್ನುಮೂಳೆಯ ಕ್ಷಯ. ಕ್ಷಯ ಎಂದರೆ ಕೆಮ್ಮು, ಕಫ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದೇ ರೋಗಾಣು ಬೆನ್ನಿನ ಮಣಿಗಳಲ್ಲಿ ಕೂತು, ಮೂಳೆ ಸವೆಸಿ, ಕೀವು ಕಟ್ಟಿ ಬೆನ್ನುಹುರಿಯನ್ನು ಒತ್ತಿಬಿಡಬಲ್ಲದು. ಇವರಿಗೆ ಔಷಧಿಯಿಂದ ಕ್ಷಯ ವಾಸಿಯಾಗಿದೆ, ಕಾಲು ಮಾತ್ರ ಹಿಂದಿರುಗಿಲ್ಲ. ಹೊಕ್ಕುಳಿನಿಂದ ಕೆಳಗೆ ಸ್ವಾಧೀನವಿಲ್ಲ.

ಗೆಳೆಯ ಅವರಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಪಾದ ಸವರಿದ. "ಮುಟ್ಟಿದ್ನಾ?" "ಇಲ್ಲ." ಗುಂಡುಪಿನ್ನಿನ ತುದಿ ಒತ್ತಿದ. "ಈಗ?" "ಏನೂ ಇಲ್ಲಪ್ಪ." ಬಿಸಿನೀರಿನ ಬಾಟಲಿ, ತಣ್ಣೀರಿನ ಬಾಟಲಿ ಎರಡನ್ನೂ ಒಂದೊಂದು ಸಲ ತಾಗಿಸಿದ. ಎರಡಕ್ಕೂ ಅದೇ ಉತ್ತರ. "ಸರಿ, ಈಗ ನೋವು ಎಲ್ಲಿದೆ ತೋರಿಸಿ" ಅಂದ. ಆಕೆ ಕಣ್ಣು ಮುಚ್ಚಿಕೊಂಡೇ ಮುಂದಕ್ಕೆ ಬಾಗಿ ಅದೇ ಪಾದದ ಹೆಬ್ಬೆರಳನ್ನು ಹಿಡಿದರು.

"ಇಲ್ಲೇ. ಇಲ್ಲಿಂದ ಶುರುವಾಗಿ ಮೀನಖಂಡದ ತನಕ. ಹಗಲು ಕೆಂಪಿರುವೆ, ರಾತ್ರಿ ಕೆಂಡ."

ಪಿನ್ನು ಚುಚ್ಚಿದರೆ ತಿಳಿಯದ ಕಾಲು ಏನೂ ಇಲ್ಲದೆ ಸುಡುತ್ತಿದೆ! ನನಗೆ ನಂಬಲು ಒಂದು ಗಳಿಗೆ ಬೇಕಾಯಿತು. ಮನೆಯವರಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾಗಿತ್ತಂತೆ. ಸತ್ತ ಕಾಲಿಗೆ ಎಂಥ ನೋವು, ಇದೆಲ್ಲ ಮನಸ್ಸಿನ ಕೊರಗು ಅಂದವರುಂಟು, ದೃಷ್ಟಿ ತೆಗೆಸಿದವರುಂಟು. ಒಂದು ಕಡೆ ನೋವಿನ ಇಂಜೆಕ್ಷನ್ನನ್ನು ವಾರಗಟ್ಟಲೆ ಕೊಟ್ಟರು, ಅಷ್ಟೂ ನೀರಿನಲ್ಲಿ ಹೋಮ.

ಆ ಮನೆಯ ಜಗಲಿಯ ಮೇಲೆ ಕೂತು ಗೆಳೆಯ ಹೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ, ತೂಕ ಹೆಚ್ಚೆಂದರೆ ಮೂವತ್ತೈದು ಗ್ರಾಂ ಸುತ್ತಮುತ್ತ. ಇಷ್ಟು ಸಣ್ಣ ಹುರಿಯೊಳಗೆ ಅಪ್ಪಣೆ ಇಳಿಯುತ್ತದೆ, ಸುದ್ದಿ ಏರುತ್ತದೆ. ಅದಕ್ಕೆ ಪೆಟ್ಟಾದಾಗ ಪಾದದ ಸುದ್ದಿ ಮಿದುಳಿಗೆ ತಲುಪುವುದು ನಿಲ್ಲುತ್ತದೆ. ಆದರೆ ಸುದ್ದಿ ನಿಂತಿತೆಂದು ಕೇಳುವವರು ಸುಮ್ಮನಿರುವುದಿಲ್ಲ. ಗಾಯದ ಅಂಚಿನಲ್ಲಿ ಉಳಿದ ನರಕೋಶಗಳು ಕೆರಳಿ ತಮ್ಮಷ್ಟಕ್ಕೆ ತಾವೇ ಸಂಕೇತ ಹೊಮ್ಮಿಸತೊಡಗುತ್ತವೆ. ನೋವನ್ನು ಅಡಗಿಸಲು ಮಿದುಳಿನಿಂದ ಇಳಿದು ಬರುತ್ತಿದ್ದ ತಡೆ ಕೂಡ ಕಡಿದುಹೋಗಿರುತ್ತದೆ. ಮಿದುಳಿನ ಥಲಾಮಸ್, ಅಂದರೆ ಮೈಯ ಸುದ್ದಿಗಳೆಲ್ಲ ಮೊದಲು ಬಂದು ಸೇರುವ ಜಾಗ, ತನ್ನ ಲಯ ತಪ್ಪುತ್ತದೆ. ಮಿದುಳಿನಲ್ಲಿ ಪಾದದ ನಕ್ಷೆ ಅಳಿಸಿಹೋಗಿರುವುದಿಲ್ಲವಲ್ಲ. ಆದ್ದರಿಂದ ಆ ಗದ್ದಲ ಪಾದದ ಹೆಸರಿನಲ್ಲೇ ಕೇಳಿಸುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಈ ನರದ ನೋವು ಕಾಡುತ್ತದೆ ಎಂದು ಲೆಕ್ಕ. ಬಿದ್ದ ದಿನವೇ ಬರಬೇಕೆಂದಿಲ್ಲ. ವಾರ, ತಿಂಗಳು, ಕೆಲವರಿಗೆ ವರ್ಷಗಳೇ ಕಳೆದ ಮೇಲೆ, ಇನ್ನೇನು ಇದೇ ಬದುಕು ಎಂದು ಒಗ್ಗಿಕೊಳ್ಳುವ ಹೊತ್ತಿಗೆ ಶುರುವಾಗುತ್ತದೆ.

ಕಡೂರಿನ ಆ ಹೆಂಗಸಿಗೆ ಈಗ ಗ್ಯಾಬಾಪೆಂಟಿನ್ ನಡೆಯುತ್ತಿದೆ. ದಿನಕ್ಕೆ ಮೂರು ಹೊತ್ತು. "ಹೋಗಿಲ್ಲ. ಆದ್ರೆ ದೂರ ಹೋಗಿ ಕೂತಿದೆ" ಅಂದರು. ನೋವಿಗೆ ಮೊದಲು ಹತ್ತಕ್ಕೆ ಒಂಬತ್ತು ಅಂಕ ಅನ್ನುತ್ತಿದ್ದವರು ಈಗ ಐದು ಅನ್ನುತ್ತಾರೆ. ಒಂಬತ್ತಕ್ಕೂ ಐದಕ್ಕೂ ನಡುವೆ ಏನಿದೆ ಎಂದು ಕೇಳಿದೆ. "ನಿದ್ದೆ" ಅಂದರು.

ಗ್ಯಾಬಾಪೆಂಟಿನ್‌ನ ಕಥೆ ಕೇಳಿದರೆ ಇನ್ನೊಂದು ಬೆರಗು. ಅದನ್ನು ನೋವಿಗೆಂದು ಯಾರೂ ಮಾಡಲಿಲ್ಲ. ಮಿದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕ ನಮ್ಮೆಲ್ಲರಲ್ಲೂ ಇದೆ. ಅದನ್ನೇ ಹೋಲುವ, ಆದರೆ ರಕ್ತದಿಂದ ಮಿದುಳಿಗೆ ದಾಟಬಲ್ಲ ಒಂದು ಅಣುವನ್ನು ಅಪಸ್ಮಾರಕ್ಕಾಗಿ ಜರ್ಮನಿಯ ರಸಾಯನ ತಜ್ಞರು 1970ರ ದಶಕದಲ್ಲಿ ಕಟ್ಟಿದರು. ಅದು ಫಿಟ್ಸ್ ತಗ್ಗಿಸಿತು ನಿಜ. 1993ರಲ್ಲಿ ಅಮೆರಿಕದಲ್ಲಿ ಅದಕ್ಕೇ ಪರವಾನಗಿಯೂ ಸಿಕ್ಕಿತು. ಸೋಜಿಗವೆಂದರೆ ಅದು ಗಾಬಾದ ಗ್ರಾಹಕಗಳ ತಂಟೆಗೇ ಹೋಗುವುದಿಲ್ಲ! ಹಾಗಾದರೆ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಗೊತ್ತಾದದ್ದು 1996ರಲ್ಲಿ, ಅದೂ ಹಂದಿಯ ಮಿದುಳಿನಲ್ಲಿ ಹುಡುಕಿದಾಗ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳನುಗ್ಗುವ ಸಣ್ಣ ದಾರಿಗಳಿವೆ. ಆ ದಾರಿಯ ಆಲ್ಫಾ-2-ಡೆಲ್ಟಾ ಎಂಬ ಭಾಗಕ್ಕೆ ಈ ಔಷಧಿ ಅಂಟಿಕೊಳ್ಳುತ್ತದೆ. ಈ ಸೀಮೆಯವರಿಗೆ ಕೆರೆಯ ತೂಬು ಬಿಡಿಸಿ ಹೇಳಬೇಕಿಲ್ಲ: ಕಡೂರಿನ ಕಡೆಯ ಮದಗದ ಕೆರೆಯಲ್ಲಿ ತೂಬು ಪೂರ್ತಿ ಎತ್ತಿದರೆ ಕಾಲುವೆ ಉಕ್ಕುತ್ತದೆ, ಅರ್ಧ ಇಳಿಸಿದರೆ ನೀರು ಅಳತೆಯಲ್ಲಿ ಹರಿಯುತ್ತದೆ. ಗಾಯಗೊಂಡ ನರದಲ್ಲಿ ಇಂಥ ತೂಬುಗಳ ಸಂಖ್ಯೆಯೇ ಹೆಚ್ಚಿರುತ್ತದೆ. ಗುಳಿಗೆ ಅವನ್ನು ಮುಚ್ಚುವುದಿಲ್ಲ, ಅರ್ಧ ಇಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಹರಿದಷ್ಟೂ ನೋವಿನ ಸುದ್ದಿ ಹೊತ್ತೊಯ್ಯುವ ರಾಸಾಯನಿಕ ಕಡಿಮೆ ಸುರಿಯುತ್ತದೆ.

ಅದರ ತಮ್ಮ ಪ್ರಿಗ್ಯಾಬಲಿನ್. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಿಲ್ವರ್‌ಮನ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅವರೂ ಗಾಬಾವನ್ನು ಹೆಚ್ಚಿಸುವ ದಾರಿ ಹುಡುಕುತ್ತಿದ್ದವರೇ. ಸಿಕ್ಕಿದ್ದು ಮತ್ತೆ ಅದೇ ಆಲ್ಫಾ-2-ಡೆಲ್ಟಾ. 2004ರ ಕೊನೆಗೆ ಮಾರುಕಟ್ಟೆಗೆ ಅನುಮತಿ ದೊರೆಯಿತು. ಬೆನ್ನುಹುರಿ ಗಾಯದ ನೋವಿಗೇ ಎಂದು ಅದನ್ನು ಪರೀಕ್ಷಿಸಿದ ಮೊದಲ ದೊಡ್ಡ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದಲ್ಲಿ ಫಿಲಿಪ್ ಸಿಡಾಲ್ ಮತ್ತು ಸಂಗಡಿಗರು 137 ಜನರನ್ನು ಹನ್ನೆರಡು ವಾರ ಗಮನಿಸಿದರು. ಕೊನೆಗೆ ಹತ್ತರ ಅಳತೆಯಲ್ಲಿ ಹುಸಿಗುಳಿಗೆ ತೆಗೆದುಕೊಂಡವರ ಸರಾಸರಿ ನೋವು 6.27, ಪ್ರಿಗ್ಯಾಬಲಿನ್ ತೆಗೆದುಕೊಂಡವರದು 4.62. ಎರಡಕ್ಕಿಂತ ಕಡಿಮೆ ಅಂಕದ ವ್ಯತ್ಯಾಸ. ಕಾಗದದ ಮೇಲೆ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಕಡೂರಿನ ಪಡಸಾಲೆಯಲ್ಲಿ ಕೂತು ಬಂದವನಿಗೆ ಹಾಗೆ ಅನ್ನಿಸುವುದಿಲ್ಲ. 2012ರಲ್ಲಿ ಅಮೆರಿಕದ ಔಷಧ ಆಡಳಿತ ಬೆನ್ನುಹುರಿ ಗಾಯದ ನರನೋವಿಗೆಂದೇ ಪ್ರಿಗ್ಯಾಬಲಿನ್‌ಗೆ ಒಪ್ಪಿಗೆ ಕೊಟ್ಟಿತು.

ತರೀಕೆರೆ ಏರಿ ಕನ್ನಡದ ಮಕ್ಕಳಿಗೆಲ್ಲ ನಾಲಿಗೆ ಹೊರಳಿಸುವ ಆಟದಿಂದ ಗೊತ್ತು. ಅಲ್ಲಿ ಕುರಿಮರಿ ಹುಡುಕುವ ತಮಾಷೆ ಮಾಡುತ್ತಲೇ ಊರು ದಾಟಿ ಒಂದು ಅಡಿಕೆ ತೋಟಕ್ಕೆ ಹೋದೆವು. ಖೇಣಿದಾರನ, ಅಂದರೆ ಫಸಲನ್ನು ಗುತ್ತಿಗೆ ಹಿಡಿದವನ, ಆಳುಗಳು ಗೊನೆ ತೆಗೆಯುತ್ತಿದ್ದರು. ಕಾಲಿಗೆ ತಳೆ, ಅಂದರೆ ಹಗ್ಗದ ಕುಣಿಕೆ, ಸಿಕ್ಕಿಸಿ ಒಬ್ಬ ಮರ ಹತ್ತಿದ. ಗೊನೆ ಕೊಯ್ದು ಇಳಿಸಿದವನು ಕೆಳಗೆ ಬರಲೇ ಇಲ್ಲ. ಮೈಯನ್ನು ತೂಗಿ ಮರವನ್ನು ಬಾಗಿಸಿ ಪಕ್ಕದ ಮರದ ಕುತ್ತಿಗೆ ಹಿಡಿದ, ಹಿಡಿದು ಅತ್ತ ದಾಟಿದ. ಹಾಗೇ ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ನಲವತ್ತು ಅಡಿ ಮೇಲೆ, ತೊಡೆಗಿಂತ ಸಣ್ಣ ಕಾಂಡದ ಮೇಲೆ, ಸೊಂಟಕ್ಕೊಂದು ಹಗ್ಗವೂ ಇಲ್ಲದೆ. ನೋಡುತ್ತ ನಿಂತವನಿಗೆ ಕೈ ಬೆವರಿತು.

ನಾವು ನೋಡಲು ಬಂದಿದ್ದವನು ಕೆಳಗೆ, ತೋಟದ ಅಂಚಿನಲ್ಲಿ ವೀಲ್‌ಚೇರಿನಲ್ಲಿ ಕೂತು ಗೊನೆ ಎಣಿಸುತ್ತಿದ್ದ. ಮೂವತ್ತು ದಾಟಿರಬಹುದು. ಅವನೂ ಹೀಗೆ ಮರದಿಂದ ಮರಕ್ಕೆ ದಾಟುತ್ತಿದ್ದವನೇ. ಮಳೆ ನಿಂತ ಮರುದಿನ, ಪಾಚಿ ಹಿಡಿದ ಮರ, ತಳೆ ಜಾರಿತು. ಸೊಂಟದ ಮೇಲಿನ ಹನ್ನೆರಡನೇ ಮಣಿ ಪುಡಿಯಾಯಿತು. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಲಗೇಜ್ ಆಟೋದಲ್ಲಿ ಮಡಚಿ ಕೂರಿಸಿ ಊರಿಗೆ ತಂದರಂತೆ. ಎತ್ತಿದವರು ಅವನ ಜೀವದ ಗೆಳೆಯರು. ಬೆನ್ನು ಮುರಿದವನನ್ನು ಹಾಗೆ ಮಡಚಿದರೆ ಉಳಿದಿರುವ ಹುರಿಯೂ ನಜ್ಜಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವನ ಉರಿ ಶುರುವಾದದ್ದು ಮೂರು ತಿಂಗಳ ಮೇಲೆ. ಎರಡೂ ಅಂಗಾಲು. ಆಗಾಗ ಕರೆಂಟ್ ಹೊಡೆದಂತೆ ಸೊಂಟದಿಂದ ಇಳಿಯುವ ಸೆಳಕು ಬೇರೆ. ಅವನ ಜೇಬಿನಲ್ಲಿ ಗುಳಿಗೆಯ ಎರಡು ಪಟ್ಟಿ ಇದ್ದವು: ಒಂದು ಪ್ರಿಗ್ಯಾಬಲಿನ್, ಇನ್ನೊಂದು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ರಾತ್ರಿ ಒಂದು. ಎರಡನೆಯದು 1961ರಲ್ಲಿ ಖಿನ್ನತೆಗೆಂದು ಬಂದ ಹಳೆಯ ಮಾತ್ರೆ. ನರದ ನೋವಿಗೆ ಅದರ ಸಣ್ಣ ಪ್ರಮಾಣವೇ ಕೆಲಸ ಮಾಡುತ್ತದೆ, ಖಿನ್ನತೆ ಇಲ್ಲದವರಲ್ಲೂ. ಮಿದುಳಿನಿಂದ ಇಳಿಯುವ ನೋವಿನ ತಡೆಗೆ ಅದು ಬಲ ಕೊಡುತ್ತದೆ. ಅಗ್ಗ, ಹಳೆಯದು, ರಾತ್ರಿ ಒಂದೇ ಸಲ. ಆದ್ದರಿಂದಲೇ ಹಳ್ಳಿಗೆ ಒಗ್ಗುವ ಔಷಧಿ ಎನ್ನುತ್ತಾನೆ ನನ್ನ ಗೆಳೆಯ. ಆದರೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ತಡೆಯುತ್ತದೆ. ಮೊದಲೇ ಮೂತ್ರಕ್ಕೂ ಮಲಕ್ಕೂ ಸ್ವಾಧೀನವಿಲ್ಲದವರಿಗೆ ಇದು ಸಣ್ಣ ಮಾತಲ್ಲ. ವಯಸ್ಸಾದವರಲ್ಲಿ, ಹೃದಯದ ಬಡಿತದಲ್ಲಿ ಏರುಪೇರು ಇರುವವರಲ್ಲಿ ವೈದ್ಯರು ಇದನ್ನು ಕೊಡಲು ಹಿಂದೆಮುಂದೆ ನೋಡುತ್ತಾರೆ.

"ಪ್ರಿಗ್ಯಾಬಲಿನ್ ತಗೊಂಡ್ರೆ ಕಾಲು ಊದುತ್ತೆ ಅಂದಿದ್ರು" ಅಂದ ಹುಡುಗ. "ಊದಿದ್ದು ನಂಗೆ ಗೊತ್ತಾಗ್ಬೇಕಲ್ಲ! ಚಪ್ಪಲಿ ಹತ್ತದೆ ಇದ್ದಾಗ ಗೊತ್ತಾಯ್ತು." ಹಗಲೆಲ್ಲ ತೂಕಡಿಕೆ, ತಲೆ ಸುತ್ತು, ಮೈ ದಪ್ಪವಾಗುವುದು ಕೂಡ ಇದರ ಜೊತೆಗೇ ಬರುತ್ತವೆ. ಅದಕ್ಕೇ ಸಣ್ಣದರಿಂದ ಶುರುಮಾಡಿ ವಾರಗಳ ಮೇಲೆ ಮೆಲ್ಲಗೆ ಏರಿಸುತ್ತಾರೆ. ಒಂದು ಹಬ್ಬದ ಸಮಯ ಅಂಗಡಿಯಲ್ಲಿ ಮಾತ್ರೆ ಮುಗಿದು, ಮುಗಿದರೆ ಮುಗಿಯಲಿ ಎಂದು ಒಮ್ಮೆಗೇ ನಿಲ್ಲಿಸಿದನಂತೆ. ಬೆವರು, ನಡುಕ, ನಿದ್ದೆಯಿಲ್ಲ, ಬಿಟ್ಟುಹೋಗಿದ್ದ ಉರಿ ಬಡ್ಡಿ ಸಮೇತ ವಾಪಸ್. ಈ ಗುಳಿಗೆಗಳನ್ನು ಬಿಡುವಾಗಲೂ ಏರಿಸಿದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಅವನೇ ನಮ್ಮನ್ನು ಅಮೃತಾಪುರಕ್ಕೆ ಕರೆದೊಯ್ದ. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಅವನು ಮುಂದೆ, ನಾವು ವೀಲ್‌ಚೇರನ್ನು ಮಡಚಿ ಡಿಕ್ಕಿಗೆ ಹಾಕಿಕೊಂಡು ಕಾರಿನಲ್ಲಿ ಹಿಂದೆ. ಅಮೃತೇಶ್ವರ ದೇವಸ್ಥಾನವನ್ನು ಚಿತ್ರದಲ್ಲಿ ಎಷ್ಟು ನೋಡಿದ್ದರೂ ಎದುರು ನಿಂತಾಗ ಉಸಿರು ಹಿಡಿಯುತ್ತದೆ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ಶಾಸನ ಕವಿ ಜನ್ನನ ರಚನೆ. ತೆರೆದ ಮಂಟಪದಲ್ಲಿ ಸಾಲುಸಾಲು ಕಂಬ, ತಿರುಗಣೆಗೆ ಕೊಟ್ಟು ಕಡೆದಂಥವು. ಎಂಟು ಶತಮಾನ ಕಳೆದರೂ ಹೊಳಪು ಮಾಸಿಲ್ಲ. ಹತ್ತಿರ ಹೋದರೆ ಕಂಬದೊಳಗೆ ನಮ್ಮ ಮುಖ ಉದ್ದುದ್ದವಾಗಿ ಮೂಡುತ್ತದೆ. ಮಂಟಪವನ್ನು ಸುತ್ತುವರಿದ ಗಿಡ್ಡ ಗೋಡೆಯ ಹೊರಮೈಯಲ್ಲಿ 140 ಶಿಲ್ಪಫಲಕಗಳು. ದಕ್ಷಿಣಕ್ಕೆ ರಾಮಾಯಣದ್ದು ಎಪ್ಪತ್ತು, ಉತ್ತರಕ್ಕೆ ಕೃಷ್ಣನ ಕಥೆಯವು ಇಪ್ಪತ್ತೈದು, ಮಹಾಭಾರತದ್ದು ನಲವತ್ತೈದು. ನಿಂತು ನೋಡುವವರು ಇವನ್ನು ಬಗ್ಗಿ ನೋಡಬೇಕು. ವೀಲ್‌ಚೇರಿನಲ್ಲಿ ಕೂತವನಿಗೆ ಸರಿಯಾಗಿ ಕಣ್ಣಿನ ಮಟ್ಟ. ನಾನು ಎಡವಿಕೊಂಡು ಬಿಟ್ಟುಹೋದ ಫಲಕಗಳನ್ನೆಲ್ಲ ಅವನು ಬೆರಳಿಟ್ಟು ತೋರಿಸುತ್ತ ಬಂದ: ಆ ಕೋತಿಯ ಬಾಲ ನೋಡಿ, ಈ ರಥದ ಗಾಲಿ ನೋಡಿ. ತಳೆಯ ಗಂಟನ್ನು ಲಕ್ಷ ಸಲ ಬಿಗಿದ ಆ ಬೆರಳು ಕಲ್ಲಿನ ಗೆರೆಯನ್ನು ಒಂದನ್ನೂ ಬಿಡಲಿಲ್ಲ.

ಒಂದು ತಿರುವಿನಲ್ಲಿ ಅವನ ಬಲಗಾಲು ಪಾದಾಸರೆಯಿಂದ ಜಾರಿ ಚಪ್ಪಡಿಗೆ ತಾಗಿಕೊಂಡಿತ್ತು. ಚಪ್ಪಲಿ ಕಳಚಿ ಬಂದಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲು. ನಾವಂತೂ ಕುಣಿಯುತ್ತ ನೆರಳಿನಿಂದ ನೆರಳಿಗೆ ಓಡುತ್ತಿದ್ದೆವು. ಅವನು ನಿಶ್ಚಿಂತೆಯಿಂದ ಹನುಮಂತನನ್ನು ವರ್ಣಿಸುತ್ತಿದ್ದ. ಗೆಳೆಯ ಕಂಡವನೇ ಓಡಿ ಬಂದು ಕಾಲೆತ್ತಿ ಅಂಗಾಲು ತಿರುಗಿಸಿದ. ಹಿಮ್ಮಡಿ ಕೆಂಪಾಗಿತ್ತು. ಇನ್ನೊಂದಿಷ್ಟು ಹೊತ್ತಾಗಿದ್ದರೆ ಬೊಬ್ಬೆ, ಬೊಬ್ಬೆಯಿಂದ ಹುಣ್ಣು, ಹುಣ್ಣಿನಿಂದ ತಿಂಗಳುಗಟ್ಟಲೆ ಹಾಸಿಗೆ. ಅಂಗಾಲಿಗೆ ನೀರು ಸುರಿಯುವಾಗ ಹುಡುಗ ನಕ್ಕ.

"ಇದು ನಿಜವಾದ ಬಿಸಿ ಸಾರ್, ಅದಕ್ಕೆ ನಂಗೆ ಗೊತ್ತಾಗಲ್ಲ."

ಮಂಟಪದ ನೆರಳಿಗೆ ಬಂದು ಕೂತ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅದೇ ಅಂಗಾಲು ರಾತ್ರಿ ಫ್ಯಾನಿನ ಗಾಳಿಯಲ್ಲಿ ತಣ್ಣಗೆ ಮಲಗಿದ್ದಾಗ ಅವನನ್ನು ಅಳಿಸುತ್ತದೆ. ಗುಳಿಗೆ ತಗ್ಗಿಸುವುದು ಈ ಎರಡನೆಯ ಉರಿಯನ್ನು. ಮೊದಲನೆಯದಕ್ಕೆ ಅವನ ಕಣ್ಣೇ ಕಾವಲು. ದಿನಕ್ಕೆರಡು ಬಾರಿ ಕನ್ನಡಿ ಹಿಡಿದು ಅಂಗಾಲು, ಹಿಮ್ಮಡಿ, ಪೃಷ್ಠ ನೋಡಿಕೊಳ್ಳುವುದನ್ನು ಗೆಳೆಯ ಅವನಿಗೆ ಕಲಿಸಿದ್ದಾನೆ. ಇನ್ನೊಂದು ಗುಟ್ಟು: ಹತೋಟಿಯಲ್ಲಿದ್ದ ಉರಿ ಇದ್ದಕ್ಕಿದ್ದಂತೆ ಹೆಚ್ಚಾದರೆ ಮಾತ್ರೆ ಹೆಚ್ಚಿಸುವ ಮೊದಲು ಮೈ ಹುಡುಕಬೇಕು. ಮೂತ್ರದ ಸೋಂಕು, ಕಟ್ಟಿದ ಮಲ, ಎಲ್ಲೋ ಮರೆಯಲ್ಲಿ ಆಗಿರುವ ಹಾಸಿಗೆ ಹುಣ್ಣು, ಉಗುರು ಸುತ್ತು, ಇಂಥದ್ದೇನಾದರೂ ಒಳಗಿಂದ ಕೆಣಕುತ್ತಿರುತ್ತದೆ. ತಿಳಿಯದ ಮೈಗೆ ಕೂಗಿಕೊಳ್ಳಲು ಇರುವುದು ಆ ಒಂದೇ ಬಾಯಿ.

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವಾಗ ಅಡಿಕೆ ಹಿಂದೆ ಬಿದ್ದು ಮತ್ತೆ ಬಯಲು ತೆರೆದುಕೊಂಡಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಇಲ್ಲಿ ಗುಡ್ಡದೊಳಗೆ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹರಿದು ಚಿತ್ರದುರ್ಗದ ಕಡೆಗೆ ಹೋಗುತ್ತದೆ. ಮೊನ್ನೆ ಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕು. ಈರುಳ್ಳಿಯ ಸೀಮೆ. ಕಥೆಗಾರ ಆನಂದ, ಅಂದರೆ ಅಜ್ಜಂಪುರ ಸೀತಾರಾಮರ ಊರು ಎಂದು ನಾನು ಗೆಳೆಯನಿಗೆ ಹೇಳಿದೆ. ಅವನಿಗೆ ಅದು ಹೊಸ ಸುದ್ದಿ.

ಇಲ್ಲಿ ನಾವು ನೋಡಿದವರು ಅರವತ್ತರ ಹತ್ತಿರದವರು. ಈರುಳ್ಳಿ ಚೀಲ ಹೇರಿದ ಲಾರಿಯ ನೆತ್ತಿಯಿಂದ ಬಿದ್ದು ಕುತ್ತಿಗೆಯಲ್ಲಿ ಪೆಟ್ಟು. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಕೈಬೆರಳು ಸೊಟ್ಟಗಾಗಿವೆ, ಎರಡೂ ತೋಳಿನಲ್ಲಿ ಉರಿ. ಅಂಗಿಯ ತೋಳು ತಾಗಿದರೂ ಚೀರುವಷ್ಟು. ಹೀಗೆ ಹಗುರ ಸ್ಪರ್ಶವೇ ನೋವಾಗುವುದು ಹುರಿ ಪೂರ್ತಿ ಕಡಿಯದೆ ಅರೆಬರೆ ಉಳಿದವರಲ್ಲಿ ಹೆಚ್ಚು. ಇವರಿಗೆ ಗ್ಯಾಬಾಪೆಂಟಿನ್ ಕೊಟ್ಟರು, ಪ್ರಿಗ್ಯಾಬಲಿನ್‌ಗೆ ಬದಲಿಸಿದರು, ಡುಲಾಕ್ಸೆಟಿನ್ ಸೇರಿಸಿದರು, ಕೊನೆಗೆ ಟ್ರಮಡಾಲ್. ಟ್ರಮಡಾಲ್ ಅಫೀಮಿನ ವರ್ಗದ್ದು. ಒಂದಿಷ್ಟು ತಗ್ಗಿತು, ಆದರೆ ವಾರವಿಡೀ ಮಲ ಕಟ್ಟಿ ಹೊಟ್ಟೆ ಕಲ್ಲಾಯಿತು. ಅಷ್ಟರಲ್ಲಿ ಮೂತ್ರಪಿಂಡ ಸೋತಿರುವುದು ಗೊತ್ತಾಯಿತು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಎರಡೂ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ, ಹಾಗಾಗಿ ಅದು ಸೋತರೆ ಪ್ರಮಾಣ ಇಳಿಸಲೇಬೇಕು. ಇಳಿಸಿದರು. ಇದಕ್ಕಿಂತ ಮೊದಲು ವರ್ಷಗಟ್ಟಲೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರಂತೆ. ಊತದ ನೋವಿಗೆ ಸರಿಯಾದ ಆ ಮಾತ್ರೆ ನರದ ಉರಿಯ ಬಳಿಗೂ ಸುಳಿಯುವುದಿಲ್ಲ, ಮೂತ್ರಪಿಂಡವನ್ನು ಮಾತ್ರ ತಿನ್ನುತ್ತದೆ. ಬಿ12 ಬೆರೆಸಿದ ಕ್ಯಾಪ್ಸೂಲುಗಳೂ ಮನೆಯಲ್ಲಿ ರಾಶಿ ಇದ್ದವು. ಬಿ12 ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಹುರಿಯ ಗಾಯದ ಉರಿಗೆ ಅದನ್ನು ನಂಬಿ ದುಡ್ಡು ಸುರಿಯುವುದು ನನಗೆ ಸರಿಕಾಣದು.

ಇಷ್ಟೆಲ್ಲ ಆದ ಮೇಲೂ ಅವರ ಅಂಕ ಎಂಟು. ಗುಳಿಗೆ ಎಲ್ಲರಿಗೂ ಹಿಡಿಯುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ನರನೋವಿನ ಪ್ರಯೋಗಗಳನ್ನೆಲ್ಲ ಕೂಡಿಸಿ 2015ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಪ್ರಿಗ್ಯಾಬಲಿನ್ ಅನ್ನು ಏಳೆಂಟು ಜನಕ್ಕೆ ಕೊಟ್ಟರೆ ಅದರ ದೆಸೆಯಿಂದಲೇ ನೋವು ಅರ್ಧಕ್ಕೆ ಇಳಿಯುವುದು ಒಬ್ಬರಿಗೆ. ಅಮಿಟ್ರಿಪ್ಟಿಲಿನ್ ವರ್ಗದ ಹಳೆಯ ಮಾತ್ರೆಗಳಲ್ಲಿ ನಾಲ್ವರಿಗೆ ಒಬ್ಬರು. ಯಾರು ಆ ಒಬ್ಬರು ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಕೊಟ್ಟು ನೋಡಬೇಕು, ಕಾದು ನೋಡಬೇಕು, ಹಿಡಿಯದಿದ್ದರೆ ಬದಲಿಸಬೇಕು. ಹಾಗೆ ಕೊಟ್ಟು, ಕಾದು, ಬದಲಿಸುವ ವೈದ್ಯರು ಕೈಗೆಟಕುವ ದೂರದಲ್ಲಿರಬೇಕು. ಈ ಮೂರು ತಾಲ್ಲೂಕಿನವರು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ, ಇನ್ನೂ ಆಚೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಣಿಪಾಲಕ್ಕೋ ಹೋಗಿ ಬರುತ್ತಾರೆ. ಕಾಲಿಲ್ಲದವರಿಗೆ ಆ ದಾರಿ ಎಷ್ಟು ಉದ್ದ ಎಂದು ನಕ್ಷೆ ಹೇಳುವುದಿಲ್ಲ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ, ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ಅಲ್ಲೂ ಅಡಿಕೆಯೇ ಬೆಳೆ, ಅಲ್ಲೂ ಮರದಿಂದ ಬಿದ್ದವರುಂಟು. ಘಟ್ಟದ ಮೇಲಿನ ಅಡಿಕೆ ಸೀಮೆಗೂ ಅಂಥದೊಂದು ಬೇಕು ಎಂದು ಬಲವಾಗಿ ಅನ್ನಿಸಿತು.

ಅಜ್ಜಂಪುರದ ಆ ಹಿರಿಯರಿಗೆ ಒಂದೇ ಒಂದು ಹೊತ್ತು ಉರಿ ಮರೆಯುತ್ತದೆ. ಸಂಜೆ ಮಗ ಬೈಕಿನ ಹಿಂದೆ ಕೂರಿಸಿಕೊಂಡು ದನ ಮೇಯುವ ಕಾವಲಿನ ಅಂಚಿಗೆ ಬಿಡುತ್ತಾನೆ. ನಾವೂ ಜೊತೆಗೆ ಹೋದೆವು. ಅಮೃತಮಹಲ್ ದನಗಳು ಹಿಂಡುಹಿಂಡಾಗಿ ಕೊಟ್ಟಿಗೆಯ ಕಡೆಗೆ ಹೊರಟಿದ್ದವು. ಬೂದು ಮೈ, ಕಪ್ಪು ಮೂತಿ, ಕಪ್ಪು ಬಾಲದ ಕುಚ್ಚು. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮೇಲೇರುವ, ತುದಿ ಚೂಪಾದ ಕೊಂಬು. ಮೈಸೂರಿನ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ಫಿರಂಗಿ ಎಳೆದ ತಳಿ. ಅಪರಿಚಿತರನ್ನು ಕಂಡರೆ ತಲೆಯೆತ್ತಿ ನಿಂತು ದಿಟ್ಟಿಸುತ್ತವೆ, ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮುದುಕರು ಒಂದೊಂದರ ಬಣ್ಣ, ಕೊಂಬಿನ ತಿರುವು ಹೇಳುತ್ತ ಹೋದರು. ಅಂಗಿಯ ತೋಳು ಗಾಳಿಗೆ ಪಟಪಟ ಬಡಿಯುತ್ತಿತ್ತು. ಅದರ ಕಡೆ ಅವರ ಗಮನವೇ ಇರಲಿಲ್ಲ! ಗೆಳೆಯ ನನ್ನ ಮೊಣಕೈ ತಿವಿದ. ಮನಸ್ಸು ಬೇರೆ ಕಡೆ ನೆಟ್ಟಾಗ ಈ ನೋವು ತಗ್ಗುವುದು, ರಾತ್ರಿಯ ಮೌನದಲ್ಲಿ ಏರುವುದು ಇದನ್ನು ಅನುಭವಿಸುವವರೆಲ್ಲ ಹೇಳುವ ಮಾತು. ಹಾಗೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ; ಮಿದುಳಿನಲ್ಲಿ ಅದಕ್ಕೆ ತಡೆಯೊಡ್ಡುವ ದಾರಿ ಇನ್ನೂ ಒಂದಿಷ್ಟು ಉಳಿದಿದೆ ಎಂದಷ್ಟೇ ಅರ್ಥ. ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆ ಬಲ ಕೊಡಲು ನೋಡುವುದೂ ಅದೇ ದಾರಿಗೆ. ಹಾಗಾಗಿ ಅವರ ಚೀಟಿಯಲ್ಲಿ ಗೆಳೆಯ ಕಡೆಯ ಸಾಲಾಗಿ ಬರೆದ: ದಿನವೂ ಸಂಜೆ ಕಾವಲು, ತಪ್ಪಿಸಬಾರದು.

ತೋಟ ಇರುವವರಲ್ಲಿ ನನ್ನ ಒಂದು ಬೇಡಿಕೆ. ಗೊನೆ ತೆಗೆಸಲು ಈಗ ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳಿವೆ, ಬಂಟ್ವಾಳ ಕಡೆಯ ಕೃಷಿಕ ಗಣಪತಿ ಭಟ್ಟರು ಮಾಡಿದಂಥ ಮರ ಏರುವ ಯಂತ್ರಗಳಿವೆ. ಅದಾಗದಿದ್ದರೆ ಹತ್ತುವವನ ಸೊಂಟಕ್ಕೊಂದು ಸುರಕ್ಷಾ ಪಟ್ಟಿಯನ್ನಾದರೂ ಕೊಡಿಸಿ. ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ. ಕತ್ತು, ಬೆನ್ನು ಬಾಗದಂತೆ ಹಲಗೆಯ ಮೇಲೆ ಸರಿಸಿ, 108ಕ್ಕೆ ಕರೆ ಮಾಡಿ. ಇನ್ನು ಮನೆಯಲ್ಲಿ ಈಗಾಗಲೇ ಮಲಗಿರುವವರು ಸ್ವಾಧೀನವಿಲ್ಲದ ಕಾಲು ಉರಿಯುತ್ತಿದೆ ಎಂದರೆ ನಂಬಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ನರದ ನೋವು ಎಂದೇ ಹೇಳಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಕೊಟ್ಟ ಗುಳಿಗೆಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.